ಅನ್ನಪಾನನಿರೋಧ: ಕೋಟೆಮುತ್ತಿಗೆಗಳ ಇತಿಹಾಸದಲ್ಲೊಂದು ನೈತಿಕ ಪ್ರಶ್ನೆ

ಗೃಹಸ್ಥನು ಕೈಕೊಳ್ಳುವ ಅಹಿಂಸಾಣುವ್ರತಕ್ಕೆ ಕಳಂಕ ತರುವ ಅತಿಚಾರಗಳು ಐದೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಎಣಿಸುತ್ತದೆ. ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಶಕ್ತಿಮೀರಿ ಹೊರೆ ಹೊರಿಸುವುದು ಎಂಬ ನಾಲ್ಕರ ಅನಂತರ ಕೊನೆಯದಾಗಿ ಬರುವುದು ಅನ್ನಪಾನನಿರೋಧ. ಹಸು ಮೊದಲಾದ ಪ್ರಾಣಿಗಳಿಗೆ ಹಸಿವು ನೀರಡಿಕೆಗಳ ಬಾಧೆಯನ್ನುಂಟುಮಾಡುವುದೇ ಇದರ ಅರ್ಥವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ಹೊತ್ತಿಗೆ ಸರಿಯಾಗಿ ಹುಲ್ಲು ನೀರು ಕಾಣಿಸದವನೂ ವ್ರತಕ್ಕೆ ಕುಂದು ತಂದವನೇ. ಅವನು ಕೋಲೆತ್ತಿಲ್ಲ, ಕತ್ತಿ ಹಿರಿದಿಲ್ಲ, ಸುಮ್ಮನಿದ್ದಾನೆ ಅಷ್ಟೆ. ಆದರೂ ಹಿಂಸೆ ನಡೆದಿದೆ.

ಕೊಟ್ಟಿಗೆಯ ಈ ದೋಷವನ್ನು ಒಂದಿಡೀ ಪಟ್ಟಣದ ಅಳತೆಗೆ ಹಿಗ್ಗಿಸಿದರೆ ಅದೇ ಕೋಟೆಯ ಮುತ್ತಿಗೆ. ಯುದ್ಧದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕಲ್ಲೆಸೆಯುವ ಯಂತ್ರಗಳನ್ನೂ ಸುರಂಗಗಳನ್ನೂ ಫಿರಂಗಿಗಳನ್ನೂ ವರ್ಣಿಸಿದ್ದಾರೆ. ಆದರೆ ಎತ್ತರವಾದ ಗೋಡೆಯನ್ನು ಹತ್ತಿ ಗೆಲ್ಲಲು ಆಕ್ರಮಣಕಾರನು ತನ್ನವರನ್ನೇ ನೂರುಗಟ್ಟಲೆ ಬಲಿಗೊಡಬೇಕಾಗುತ್ತಿತ್ತು. ಆದ್ದರಿಂದ ಅನೇಕ ಸೇನಾಪತಿಗಳು ಗೋಡೆಯ ಹೊರಗೆ ಬೀಡುಬಿಟ್ಟು, ದಾರಿಗಳನ್ನು ಕಟ್ಟಿ, ಒಳಗಿನ ಕಣಜ ಬರಿದಾಗುವವರೆಗೆ ಕಾಯುವುದನ್ನೇ ಲೇಸೆಂದು ಬಗೆದರು. ಹಸಿವೇ ಇಲ್ಲಿ ಮುಖ್ಯ ಆಯುಧ. ಆ ಆಯುಧವು ಮೊದಲು ತಗಲುವುದು ಯೋಧನಿಗಲ್ಲ. ಕಣಜದ ಬೀಗದ ಕೈ ಯೋಧನ ಬಳಿಯೇ ಇರುವುದರಿಂದ ಮೊದಲು ಸಾಯುವವರು ಮಕ್ಕಳು, ಮುದುಕರು, ಬಾಣಂತಿಯರು ಮತ್ತು ಆಶ್ರಯ ಬೇಡಿ ಬಂದ ಹೊರಗಿನವರು.

ವೈಶಾಲಿಯ ನೆನಪು

ಜೈನ ವಾಙ್ಮಯಕ್ಕೆ ಮುತ್ತಿಗೆಯ ವಿಷಯ ಹೊಸದಲ್ಲ. ಮಗಧದ ಅರಸ ಕೂಣಿಕನಿಗೂ, ಅಂದರೆ ಬೌದ್ಧ ಗ್ರಂಥಗಳ ಅಜಾತಶತ್ರುವಿಗೂ, ವೈಶಾಲಿಯ ಚೇಟಕನಿಗೂ ನಡೆದ ಯುದ್ಧವನ್ನು ಶ್ವೇತಾಂಬರ ಆಗಮಗಳಾದ ಭಗವತೀಸೂತ್ರ ಹಾಗೂ ನಿರಯಾವಲಿಯಾ ಗ್ರಂಥಗಳು ಹೇಳುತ್ತವೆ. ಚೇಟಕನು ಭಗವಾನ್ ಮಹಾವೀರರ ಮಾತೃವಂಶದವನು. ದಿಗಂಬರ ಪರಂಪರೆಯಂತೆ ತಾಯಿ ಪ್ರಿಯಕಾರಿಣಿಯ ತಂದೆ, ಶ್ವೇತಾಂಬರ ಪರಂಪರೆಯಂತೆ ಆಕೆಯ ಸೋದರ. ಕೂಣಿಕನ ತಾಯಿ ಚೇಲನೆ ಚೇಟಕನ ಮಗಳು. ಹೀಗೆ ಮೊಮ್ಮಗನೇ ಅಜ್ಜನ ನಗರದ ಮೇಲೆ ಏರಿಹೋದ ಯುದ್ಧವಿದು.

ಕಾರಣವಾದರೂ ಎಂಥದು? ಸೇಚನಕವೆಂಬ ಒಂದು ಆನೆ ಮತ್ತು ಹದಿನೆಂಟು ಎಳೆಗಳ ಒಂದು ಹಾರ. ಅವನ್ನು ಪಡೆದಿದ್ದ ತಮ್ಮನು ಕೂಣಿಕನಿಗೆ ಅಂಜಿ ಅಜ್ಜನ ಮರೆಹೊಕ್ಕನು. ಶರಣು ಬಂದವನನ್ನು ಒಪ್ಪಿಸಲಾಗದೆಂದು ಚೇಟಕನು ಹೇಳಿದುದರಿಂದ ಯುದ್ಧ ಒದಗಿತು. ಒಂದು ಕಡೆ ಪರಿಗ್ರಹದ ಹಟ, ಇನ್ನೊಂದು ಕಡೆ ಅಭಯದಾನದ ಹೊಣೆ. ಈ ಯುದ್ಧದಲ್ಲಿ ಬಳಸಲಾಯಿತೆಂದು ಹೇಳುವ ಮಹಾಶಿಲಾಕಂಟಕ ಮತ್ತು ರಥಮುಸಲಗಳನ್ನು ಇತಿಹಾಸಕಾರರು ಕಲ್ಲೆಸೆಯುವ ಯಂತ್ರವೆಂದೂ ಒನಕೆಯಂಥ ಆಯುಧವನ್ನು ಕಟ್ಟಿದ ರಥವೆಂದೂ ಅರ್ಥೈಸಿದ್ದಾರೆ. ಸತ್ತವರ ಸಂಖ್ಯೆಯನ್ನು ಭಗವತೀಸೂತ್ರವು ಲಕ್ಷಗಳಲ್ಲಿ ಕೊಡುತ್ತದೆ. ಆ ಸಂಖ್ಯೆಗಿಂತ ಮುಖ್ಯವಾದುದು ಅದರ ಅನಂತರ ಬರುವ ಪ್ರಶ್ನೆ. ರಣರಂಗದಲ್ಲಿ ಮಡಿದವರು ಸ್ವರ್ಗಕ್ಕೆ ಹೋಗುವರೆಂದು ಜನ ಹೇಳುತ್ತಾರಲ್ಲ, ಅದು ನಿಜವೇ ಎಂದು ಗೌತಮ ಗಣಧರರು ಕೇಳುತ್ತಾರೆ. ಭಗವಾನ್ ಮಹಾವೀರರು ಅದನ್ನು ಒಪ್ಪುವುದಿಲ್ಲ. ಮಡಿದವರಲ್ಲಿ ಬಹುಪಾಲು ಜನ ನರಕ ಮತ್ತು ತಿರ್ಯಕ್ ಗತಿಗಳನ್ನು ಪಡೆದರೆಂದೇ ಅಲ್ಲಿ ಉತ್ತರ ಬರುತ್ತದೆ.

ಅದೇ ಪ್ರಸಂಗದಲ್ಲಿ ವೈಶಾಲಿಯ ಶ್ರಾವಕನಾದ ವರುಣನ ವೃತ್ತಾಂತವೂ ಇದೆ. ರಾಜಾಜ್ಞೆಯಿಂದ ಯುದ್ಧಕ್ಕೆ ಹೋಗಲೇಬೇಕಾಗಿ ಬಂದಾಗ, ತನ್ನನ್ನು ಮೊದಲು ಹೊಡೆದವನನ್ನಲ್ಲದೆ ಬೇರಾರನ್ನೂ ಹೊಡೆಯೆನೆಂದು ಆತ ನಿಯಮ ಮಾಡಿಕೊಂಡನು. ಎದುರಾಳಿಯ ಬಾಣ ತಗಲಿದ ಮೇಲೆಯೇ ತಾನು ಬಾಣ ಬಿಟ್ಟನು. ಗಾಯಗೊಂಡು ರಣದಿಂದ ಸರಿದು, ವ್ರತಗಳನ್ನು ಸ್ವೀಕರಿಸಿ, ಸಮಾಧಿಯಿಂದ ದೇಹ ಬಿಟ್ಟನು. ಜೈನ ಆಚಾರಶಾಸ್ತ್ರವು ಗೃಹಸ್ಥನಿಗೆ ಅನಿವಾರ್ಯವೆಂದು ಒಪ್ಪುವ ವಿರೋಧಿ ಹಿಂಸೆಯ ಮೇರೆ ಎಲ್ಲಿಯವರೆಗೆ ಎಂಬುದಕ್ಕೆ ವರುಣನು ಉದಾಹರಣೆ. ಎದುರಿಗೆ ಆಯುಧ ಹಿಡಿದು ಬಂದವನೊಬ್ಬನಿರಬೇಕು. ಅವನು ಮೊದಲು ಹೊಡೆದಿರಬೇಕು. ಮುತ್ತಿಗೆಯಲ್ಲಿ ಹಸಿವಿನಿಂದ ಸಾಯುವ ಕೂಸು ಯಾರಿಗೆ ವಿರೋಧಿ?

ವೈಶಾಲಿ ಬಿದ್ದ ಬಗೆಯೂ ಚಿಂತನೀಯವಾಗಿದೆ. ದೀರ್ಘಕಾಲದ ಮುತ್ತಿಗೆಯಿಂದ ನಗರ ಮಣಿಯದಿರಲು, ಭ್ರಷ್ಟನಾದ ಕೂಲವಾಲಕನೆಂಬ ತಪಸ್ವಿಯ ಮೂಲಕ ಜನರನ್ನು ಮರುಳುಗೊಳಿಸಿ, ನಗರರಕ್ಷಕವೆಂದು ನಂಬಿದ್ದ ಸ್ತೂಪವನ್ನು ಅವರ ಕೈಯಿಂದಲೇ ಕೆಡವಿಸಲಾಯಿತೆಂದು ಜೈನ ಕಥಾಪರಂಪರೆ ಹೇಳುತ್ತದೆ. ವಸ್ಸಕಾರನೆಂಬ ಮಂತ್ರಿ ಒಳಹೊಕ್ಕು ಲಿಚ್ಛವಿಗಳಲ್ಲಿ ಒಡಕು ಬಿತ್ತಿದನೆಂದು ಬೌದ್ಧ ಪರಂಪರೆ ಹೇಳುತ್ತದೆ. ಎರಡು ಕಥೆಗಳು ಬೇರೆಯಾದರೂ ತಾತ್ಪರ್ಯ ಒಂದೇ. ದಣಿದ ಜನ ಯಾವ ಮಾತನ್ನಾದರೂ ನಂಬುತ್ತಾರೆ.

ಕೌಟಿಲ್ಯನ ಲೆಕ್ಕಾಚಾರ

ಅರ್ಥಶಾಸ್ತ್ರದ ಹದಿಮೂರನೆಯ ಅಧಿಕರಣವು ಕೋಟೆಯನ್ನು ವಶಪಡಿಸಿಕೊಳ್ಳುವ ಐದು ಉಪಾಯಗಳನ್ನು ನಿರೂಪಿಸುತ್ತದೆ: ಒಳಗಿನವರನ್ನು ಎತ್ತಿಕಟ್ಟುವುದು, ಗೂಢಚಾರರನ್ನು ಬಿಡುವುದು, ಶತ್ರುವನ್ನು ಹೊರಕ್ಕೆಳೆಯುವುದು, ಮುತ್ತಿಗೆ ಹಾಕುವುದು, ಲಗ್ಗೆ ಹತ್ತುವುದು. ಶತ್ರುವಿನ ಪೈರನ್ನು ನಾಶಮಾಡುವುದನ್ನೂ ಧಾನ್ಯದ ಸಾಗಾಟ ತಡೆಯುವುದನ್ನೂ ಕೌಟಿಲ್ಯನು ನಿಸ್ಸಂಕೋಚವಾಗಿ ವಿಧಿಸುತ್ತಾನೆ. ಆತ ದಯೆಯ ಮಾತಾಡುವ ಗ್ರಂಥಕಾರನಲ್ಲ. ಆದರೂ ಅದೇ ಪ್ರಕರಣದಲ್ಲಿ ಮೂರು ವಿಷಯಗಳನ್ನು ಒತ್ತಿ ಹೇಳಿದ್ದಾನೆ. ಜನರೇ ಇಲ್ಲದ ಮೇಲೆ ಜನಪದವೆಲ್ಲಿ, ಜನಪದವಿಲ್ಲದ ಮೇಲೆ ರಾಜ್ಯವೆಲ್ಲಿ ಎಂಬುದು ಮೊದಲನೆಯದು. ಬೇರೆ ಉಪಾಯದಿಂದ ಗೆಲ್ಲಬಹುದಾದ ಕೋಟೆಗೆ ಬೆಂಕಿಯಿಡಬಾರದು, ಏಕೆಂದರೆ ಬೆಂಕಿ ಎಣಿಕೆಯಿಲ್ಲದಷ್ಟು ಜೀವಿಗಳನ್ನೂ ಧಾನ್ಯವನ್ನೂ ಸುಡುತ್ತದೆ ಎಂಬುದು ಎರಡನೆಯದು. ಬಿದ್ದವನಿಗೆ, ಬೆನ್ನು ತಿರುಗಿಸಿದವನಿಗೆ, ಶರಣಾದವನಿಗೆ, ಆಯುಧ ಬಿಟ್ಟವನಿಗೆ, ಯುದ್ಧದಲ್ಲಿ ಪಾಲ್ಗೊಳ್ಳದವನಿಗೆ ಅಭಯ ಕೊಡಬೇಕೆಂಬುದು ಮೂರನೆಯದು. ಬರಿಯ ಲಾಭನಷ್ಟದ ಲೆಕ್ಕದಲ್ಲಿಯೂ ನಿರಾಯುಧ ಪ್ರಜೆಯ ಜೀವಕ್ಕೆ ಬೆಲೆಯಿದೆಯೆಂಬುದು ಇಲ್ಲಿಂದ ತಿಳಿಯುತ್ತದೆ.

ಎರಡು ಗೋಡೆಗಳ ನಡುವೆ

ಪಶ್ಚಿಮದ ಇತಿಹಾಸದಲ್ಲಿ ಪ್ರಸಿದ್ಧವಾದ ಮುತ್ತಿಗೆಗಳಲ್ಲಿ ಕ್ರಿ.ಪೂ. 52ರ ಅಲೇಸಿಯಾ ಒಂದು. ಇಂದಿನ ಫ್ರಾನ್ಸಿನ ಭಾಗವಾದ ಗಾಲ್ ದೇಶದ ನಾಯಕ ವರ್ಸಿಂಜೆಟೊರಿಕ್ಸ್ ಎಂಬತ್ತು ಸಾವಿರ ಯೋಧರೊಂದಿಗೆ ಆ ಬೆಟ್ಟದ ಪಟ್ಟಣವನ್ನು ಸೇರಿಕೊಂಡಿದ್ದನೆಂದು ರೋಮಿನ ಸೇನಾಪತಿ ಜೂಲಿಯಸ್ ಸೀಸರನೇ ಬರೆದಿಟ್ಟಿದ್ದಾನೆ. ಸೀಸರನು ಪಟ್ಟಣದ ಸುತ್ತ ಹನ್ನೊಂದು ರೋಮನ್ ಮೈಲಿಗಳ ಒಂದು ಒಡ್ಡನ್ನು ಕಟ್ಟಿಸಿದನು. ಹೊರಗಿನಿಂದ ಬರುವ ಸಹಾಯವನ್ನು ತಡೆಯಲು ಅದರಾಚೆ ಹದಿನಾಲ್ಕು ಮೈಲಿಗಳ ಇನ್ನೊಂದು ಒಡ್ಡು. ಒಳಗೆ ಇದ್ದುದು ಸುಮಾರು ಮೂವತ್ತು ದಿನಗಳ ಧಾನ್ಯ.

ಧಾನ್ಯ ಮುಗಿಯುತ್ತ ಬಂದಾಗ ಒಳಗಿನವರು ಸಭೆ ಸೇರಿ, ಯುದ್ಧಕ್ಕೆ ಒದಗದವರನ್ನೆಲ್ಲ ಹೊರಗಟ್ಟಲು ನಿಶ್ಚಯಿಸಿದರು. ಹೊರಗಟ್ಟಲ್ಪಟ್ಟವರು ಬೇರಾರೂ ಅಲ್ಲ, ಆ ಪಟ್ಟಣದ ಮೂಲನಿವಾಸಿಗಳಾದ ಮಾಂಡುಬಿ ಜನರು. ಸೈನ್ಯಕ್ಕೆ ತಮ್ಮ ಮನೆಬಾಗಿಲು ತೆರೆದವರೇ ಹೆಂಡಿರು ಮಕ್ಕಳೊಂದಿಗೆ ಕೋಟೆಯಿಂದ ಹೊರಬಿದ್ದರು. ರೋಮನರ ಒಡ್ಡಿನ ಬಳಿಗೆ ಬಂದು, ಬೇಕಾದರೆ ಗುಲಾಮರನ್ನಾಗಿ ಮಾಡಿಕೊಳ್ಳಿ, ಅನ್ನ ಕೊಡಿ ಎಂದು ಅತ್ತು ಬೇಡಿಕೊಂಡರು. ಸೀಸರನು ಒಡ್ಡಿನ ಮೇಲೆ ಕಾವಲಿಟ್ಟು, ಅವರನ್ನು ಒಳಗೆ ಬಿಡಕೂಡದೆಂದು ಆಜ್ಞಾಪಿಸಿದನು. ಅವರ ಮುಂದಿನ ಗತಿಯ ಬಗ್ಗೆ ಸೀಸರನ ಗ್ರಂಥದಲ್ಲಿ ಒಂದು ಮಾತೂ ಇಲ್ಲ. ಅವರು ಎರಡು ಗೋಡೆಗಳ ನಡುವಿನ ಬಯಲಿನಲ್ಲಿ ಸತ್ತರೆಂದು ಅನಂತರದ ಇತಿಹಾಸಕಾರ ಡಿಯೊ ಬರೆದಿದ್ದಾನೆ.

ಹನ್ನೆರಡೂವರೆ ಶತಮಾನಗಳ ಅನಂತರ ಅದೇ ನೆಲದಲ್ಲಿ ಅದೇ ಘಟನೆ ಮರುಕಳಿಸಿತು. 1203-04ರಲ್ಲಿ ಫ್ರಾನ್ಸಿನ ದೊರೆ ಎರಡನೆಯ ಫಿಲಿಪ್ ಸೇನ್ ನದಿಯ ದಂಡೆಯ ಶಾಟೊ ಗಯಾರ್ ಕೋಟೆಯನ್ನು ಮುತ್ತಿದನು. ಪಕ್ಕದ ಊರಿನವರು ಕೋಟೆಯನ್ನು ಸೇರಿಕೊಂಡಿದ್ದರು. ಕೋಟೆಯ ಇಂಗ್ಲಿಷ್ ಅಧಿಪತಿ ರೋಜರ್ ಡಿ ಲೇಸಿ ಧಾನ್ಯ ಉಳಿಸಲು ಅವರನ್ನು ತಂಡತಂಡವಾಗಿ ಹೊರಗೆ ಕಳುಹಿಸಿದನು. ಮೊದಲು ಬಂದವರನ್ನು ಫ್ರೆಂಚ್ ಸೈನಿಕರು ಕನಿಕರದಿಂದ ದಾಟಿಹೋಗಲು ಬಿಟ್ಟರು. ಒಳಗೆ ತಿನ್ನುವ ಬಾಯಿಗಳು ಕಡಿಮೆಯಾದಷ್ಟೂ ಮುತ್ತಿಗೆ ಉದ್ದವಾಗುತ್ತದೆಂದು ಮೇಲಿನವರಿಗೆ ಹೊಳೆದಾಗ ಅಪ್ಪಣೆ ಬದಲಾಯಿತು. ಕೊನೆಯ ತಂಡದ ನೂರಾರು ಜನರ ಮುಂದೆ ದಾರಿ ಮುಚ್ಚಿತು, ಹಿಂದೆ ಕೋಟೆಯ ಬಾಗಿಲೂ ಮುಚ್ಚಿತು. ಚಳಿಗಾಲದಲ್ಲಿ ಬಂಡೆಗಳ ಸಂದಿಯಲ್ಲಿ ಹುಲ್ಲು ಸೊಪ್ಪು ತಿಂದು ಅವರಲ್ಲಿ ಬಹುಮಂದಿ ಸತ್ತರು. ಕಡೆಗೆ ಸ್ವತಃ ದೊರೆಯೇ ಆ ದೃಶ್ಯ ಕಂಡು, ಉಳಿದವರಿಗೆ ಅನ್ನ ಕೊಟ್ಟು ಕಳುಹಿಸಲು ಹೇಳಿದನೆಂದು ಆ ಕಾಲದ ವೃತ್ತಾಂತಕಾರನು ದಾಖಲಿಸಿದ್ದಾನೆ. 1204ರ ಮಾರ್ಚ್ 6ರಂದು ಕೋಟೆ ಬಿದ್ದಿತು. 1418-19ರಲ್ಲಿ ರೂಆನ್ ಪಟ್ಟಣವನ್ನು ಇಂಗ್ಲೆಂಡಿನ ಐದನೆಯ ಹೆನ್ರಿ ಮುತ್ತಿದಾಗಲೂ ಹೊರಗಟ್ಟಲ್ಪಟ್ಟ ಸಾವಿರಾರು ಬಡವರು ಕಂದಕದಲ್ಲೇ ಉಳಿದರು. ಕ್ರಿಸ್‌ಮಸ್ ಹಬ್ಬದ ಒಂದು ದಿನ ಮಾತ್ರ ಹೆನ್ರಿ ಅವರಿಗೆ ಊಟ ಕಳುಹಿಸಿದನು. ಮರುದಿನದಿಂದ ಮತ್ತೆ ಉಪವಾಸ.

ಇಂಥವರನ್ನು ಯೂರೋಪಿನ ಯುದ್ಧಭಾಷೆಯಲ್ಲಿ ‘ನಿರುಪಯುಕ್ತ ಬಾಯಿಗಳು’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಅವರ ಸಾವಿಗೆ ಹೊಣೆ ಯಾರು? ಅನ್ನವನ್ನು ತಡೆದವನೇ ಕೊಂದವನೆಂದು ಒಳಗಿನವನು ಹೇಳುತ್ತಾನೆ. ಮನೆಯಿಂದ ದೂಡಿದವನೇ ಕೊಂದವನೆಂದು ಹೊರಗಿನವನು ಹೇಳುತ್ತಾನೆ. ಇಬ್ಬರ ಕೈಗೂ ರಕ್ತ ಅಂಟಿಲ್ಲ. ಜೈನ ಕರ್ಮಸಿದ್ಧಾಂತವು ಈ ಜಾಣ್ಮೆಗೆ ಎಡೆಗೊಡುವುದಿಲ್ಲ. ತಾನೇ ಮಾಡಿದುದು, ಮಾಡಿಸಿದುದು, ಮಾಡಿದವರನ್ನು ಅನುಮೋದಿಸಿದುದು ಎಂಬ ಮೂರೂ ಬಗೆಗಳಲ್ಲಿ, ಮನಸ್ಸು ಮಾತು ದೇಹಗಳೆಂಬ ಮೂರೂ ಯೋಗಗಳಿಂದ ಆಸ್ರವ ಉಂಟಾಗುತ್ತದೆ. ಬಾಗಿಲು ಮುಚ್ಚಿದವನು, ಒಡ್ಡಿನ ಮೇಲೆ ನಿಂತು ತಡೆದವನು, ಅಪ್ಪಣೆ ಬರೆದವನು, ಅದು ಸರಿಯೆಂದು ತಲೆದೂಗಿದವನು, ಎಲ್ಲರೂ ಪಾಲುದಾರರು. ಹೊಣೆಯನ್ನು ಹಂಚಿಕೊಂಡರೆ ಅದು ಕಡಿಮೆಯಾಗುವುದಿಲ್ಲ. ಪ್ರತಿಯೊಬ್ಬನ ಪಾಲಿಗೂ ಪೂರ್ಣವಾಗಿಯೇ ಬರುತ್ತದೆ.

ಕನ್ನಡ ನಾಡಿನ ಕೋಟೆಗಳು

ಕರ್ನಾಟಕದ ಕೋಟೆಗಳನ್ನು ನೋಡಹೋದವರಿಗೆ ಬುರುಜುಗಳಷ್ಟೇ ಮುಖ್ಯವಾಗಿ ಕಾಣುವುದು ನೀರಿನ ವ್ಯವಸ್ಥೆ. ಚಿತ್ರದುರ್ಗದ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಕಣಜಗಳು, ಎಣ್ಣೆಕೊಳ ತುಪ್ಪದಕೊಳಗಳು ಮುತ್ತಿಗೆಯ ಭಯದಿಂದಲೇ ಹುಟ್ಟಿದವು. ಕಟ್ಟಿದವರಿಗೆ ಗೊತ್ತಿತ್ತು: ಕೋಟೆಯ ಆಯುಷ್ಯ ಕಲ್ಲಿನಲ್ಲಿಲ್ಲ, ನೀರಿನಲ್ಲೂ ಕಾಳಿನಲ್ಲೂ ಇದೆ. ಓಬವ್ವನ ಐತಿಹ್ಯವೂ ಊಟಕ್ಕೆ ಬಂದ ಗಂಡನಿಗೆ ನೀರು ತರಲು ಹೋದಲ್ಲಿಂದಲೇ ಪ್ರಾರಂಭವಾಗುತ್ತದೆ.

ತುಳುನಾಡಿನ ಮಂಗಳೂರಿನ ಕೋಟೆಯನ್ನು 1783ರ ಮೇ ತಿಂಗಳಿನಿಂದ ಟಿಪ್ಪು ಸುಲ್ತಾನನು ಮುತ್ತಿದ್ದನು. ಒಳಗಿದ್ದವರು ಕರ್ನಲ್ ಜಾನ್ ಕ್ಯಾಂಬೆಲನ ಕೈಕೆಳಗಿನ ಸ್ಕಾಟ್ಲೆಂಡಿನ ಸೈನಿಕರು ಮತ್ತು ಮುಂಬಯಿಯ ಸಿಪಾಯಿಗಳು. ಆಗಸ್ಟ್ 2ರಂದು ಕದನವಿರಾಮವಾದರೂ ಮುತ್ತಿಗೆ ತೆಗೆಯಲಿಲ್ಲ. ಹಸಿವೂ ಸ್ಕರ್ವಿ ರೋಗವೂ ಫಿರಂಗಿಗಳು ಮಾಡದ ಕೆಲಸವನ್ನು ಮಾಡಿದವು. 1784ರ ಜನವರಿ 30ರಂದು ಕೋಟೆಯನ್ನು ಒಪ್ಪಿಸಲಾಯಿತು. ಅಳಿದುಳಿದವರಿಗೆ ಆಯುಧಸಹಿತ ಹೊರಟುಹೋಗಲು ಅನುಮತಿ ದೊರೆಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಅದೇ ತಿಂಗಳಲ್ಲಿ ಕ್ಯಾಂಬೆಲನೂ ತೀರಿಕೊಂಡನು.

ಹಸಿವೆಂಬ ಆಯುಧ ಎರಡು ಬಾಯಿಗಳುಳ್ಳದು ಎಂಬುದನ್ನು 1791ರ ಶ್ರೀರಂಗಪಟ್ಟಣ ತೋರಿಸಿತು. ಬೆಂಗಳೂರನ್ನು ಮಾರ್ಚ್ 21ರಂದು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ರಾಜಧಾನಿಯ ಸಮೀಪಕ್ಕೆ ಬಂದನು. ದಾರಿಯುದ್ದಕ್ಕೂ ಮೇವು ಧಾನ್ಯಗಳು ಶತ್ರುವಿಗೆ ಸಿಗದಂತೆ ಟಿಪ್ಪು ಮೊದಲೇ ನಾಡನ್ನು ಬರಿದುಮಾಡಿಸಿದ್ದನು. ಕೋಟೆಯನ್ನು ಹಸಿವಿನಿಂದ ಕೆಡಹಲು ಬಂದ ಸೈನ್ಯವೇ ಹಸಿವಿಗೆ ಸಿಕ್ಕಿತು. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತುದರಿಂದ ಕಾರ್ನ್‌ವಾಲಿಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಎರಡೂ ಸೈನ್ಯಗಳ ಇತಿಹಾಸವನ್ನು ಬರೆದವರು ಆ ಎತ್ತುಗಳನ್ನು ಸಾಮಾನುಪಟ್ಟಿಯಲ್ಲಿ ಸೇರಿಸಿದ್ದಾರೆ. ಆದರೆ ಅನ್ನಪಾನನಿರೋಧದ ಮಾತು ಆಚಾರ್ಯರಲ್ಲಿ ಹುಟ್ಟಿದ್ದೇ ಅಂಥ ಮೂಕಪ್ರಾಣಿಗಳ ನಿಮಿತ್ತವಾಗಿ. ಬರಿದಾದ ಆ ಹಳ್ಳಿಗಳಲ್ಲಿ ಮುಂದಿನ ಬೆಳೆಯವರೆಗೆ ಒಲೆ ಹೇಗೆ ಉರಿಯಿತೆಂಬುದನ್ನು ಯಾರೂ ಬರೆದಿಡಲಿಲ್ಲ.

ಲೆನಿನ್‌ಗ್ರಾಡ್

ಇಪ್ಪತ್ತನೆಯ ಶತಮಾನವು ಯಂತ್ರಗಳ ಯುಗವಾದರೂ ಅದರ ಅತ್ಯಂತ ಘೋರವಾದ ಮುತ್ತಿಗೆ ಹಳೆಯ ಆಯುಧದಿಂದಲೇ ನಡೆಯಿತು. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೈನ್ಯವು ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್ ನಗರದ, ಅಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗಿನ, ನೆಲದ ದಾರಿಗಳನ್ನೆಲ್ಲ ಕತ್ತರಿಸಿತು. ಅದೇ ದಿನ ಬಾಂಬಿನಿಂದ ನಗರದ ಬಡಾಯೆವ್ ಉಗ್ರಾಣಗಳು ಸುಟ್ಟವು. ಒಳಗೆ ಸಿಕ್ಕಿಬಿದ್ದವರು ಇಪ್ಪತ್ತೈದು ಲಕ್ಷ ಜನ. ನಗರ ಶರಣಾಗಲು ಮುಂದೆ ಬಂದರೂ ಒಪ್ಪಿಕೊಳ್ಳಕೂಡದೆಂಬುದು ಹಿಟ್ಲರನ ನಿಲುವಾಗಿತ್ತು; ಅಷ್ಟು ಜನರಿಗೆ ಅನ್ನ ಹಾಕುವ ಹೊಣೆ ಆತನಿಗೆ ಬೇಡವಾಗಿತ್ತು. ಹಿಂದಿನ ಮುತ್ತಿಗೆಗಳಲ್ಲಿ ಹಸಿವು ಶರಣಾಗತಿಗೆ ಸಾಧನವಾಗಿತ್ತು. ಇಲ್ಲಿ ಹಸಿವೇ ಗುರಿಯಾಯಿತು.

ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಕಾರ್ಮಿಕರಿಗೆ ದಿನಕ್ಕೆ 250 ಗ್ರಾಂ, ಉಳಿದವರಿಗೂ ಮಕ್ಕಳಿಗೂ 125 ಗ್ರಾಂ ರೊಟ್ಟಿ ಮಾತ್ರ ದೊರೆಯುತ್ತಿತ್ತು. ಅದರಲ್ಲಿಯೂ ಹಿಂಡಿ ಮತ್ತು ಮರದಿಂದ ತೆಗೆದ ಸೆಲ್ಯುಲೋಸ್ ಬೆರೆತಿರುತ್ತಿತ್ತು. ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲೆ ವಾಹನಗಳನ್ನು ಓಡಿಸಿ ತಂದ ಧಾನ್ಯವೊಂದೇ ಆಸರೆ. 1943ರ ಜನವರಿ 18ರಂದು ಮುತ್ತಿಗೆಯಲ್ಲಿ ಬಿರುಕು ಬಿತ್ತು. 1944ರ ಜನವರಿ 27ರಂದು ಅದು ಪೂರ್ಣವಾಗಿ ತೆರವಾಯಿತು. ಒಟ್ಟು 872 ದಿನಗಳು. ಯುದ್ಧಾನಂತರದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸೋವಿಯತ್ ಪಕ್ಷವು ಹಸಿವಿನಿಂದ ಸತ್ತವರು ಆರು ಲಕ್ಷ ಮೂವತ್ತೆರಡು ಸಾವಿರವೆಂದು ಲೆಕ್ಕ ಕೊಟ್ಟಿತು. ಅದಕ್ಕಿಂತ ಹೆಚ್ಚು, ಎಂಟು ಲಕ್ಷದಿಂದ ಹತ್ತು ಲಕ್ಷದವರೆಗೆ, ಎಂಬುದು ಅನಂತರದ ಇತಿಹಾಸಕಾರರ ಅಂದಾಜು.

ಆ ನಗರದ ಸಸ್ಯಸಂಶೋಧನ ಸಂಸ್ಥೆಯಲ್ಲಿ ಜಗತ್ತಿನ ನಾನಾ ಭಾಗಗಳಿಂದ ನಿಕೊಲಾಯ್ ವಾವಿಲೋವ್ ಮತ್ತು ಆತನ ಸಹೋದ್ಯೋಗಿಗಳು ಸಂಗ್ರಹಿಸಿದ ಬೀಜಗಳ ಭಂಡಾರವಿತ್ತು. ಗೋಧಿ, ಜೋಳ, ಭತ್ತ, ಕಡಲೆ, ಆಲೂಗೆಡ್ಡೆ ಮುಂತಾದವುಗಳ ತಳಿಗಳು ಲಕ್ಷಕ್ಕೂ ಮಿಕ್ಕಿದ್ದವು. ಹಸಿದ ನಗರದ ನಡುವೆ, ಇಲಿಗಳಿಂದಲೂ ಚಳಿಯಿಂದಲೂ ಕಳ್ಳರಿಂದಲೂ ಈ ಬೀಜಗಳನ್ನು ಕಾಯುತ್ತ ವಿಜ್ಞಾನಿಗಳು ಸರದಿಯಂತೆ ಕುಳಿತರು. ಭತ್ತದ ತಳಿಗಳ ತಜ್ಞ ಡಿಮಿಟ್ರಿ ಇವಾನೋವ್ ಸಾವಿರಾರು ಅಕ್ಕಿಯ ಪೊಟ್ಟಣಗಳ ನಡುವೆ ಹಸಿವಿನಿಂದ ಸತ್ತನು. ನೆಲಗಡಲೆಯ ತಜ್ಞ ಅಲೆಕ್ಸಾಂಡರ್ ಶ್ಚೂಕಿನ್ ತನ್ನ ಮೇಜಿನ ಬಳಿಯೇ ಸತ್ತನು. ಇನ್ನೂ ಹಲವರು ಹಾಗೆಯೇ ಹೋದರು. ಬೀಜಗಳು ಉಳಿದವು. ವಾವಿಲೋವನಾದರೋ ಮುತ್ತಿಗೆಗೆ ಮೊದಲೇ, 1940ರಲ್ಲಿ, ತನ್ನದೇ ಸರ್ಕಾರದಿಂದ ಬಂಧಿತನಾಗಿದ್ದನು. 1943ರ ಜನವರಿ 26ರಂದು ಸರಾಟೊವ್ ಸೆರೆಮನೆಯಲ್ಲಿ, ಹಸಿವಿನಿಂದ ಬಳಲಿ ಸತ್ತನು. ಜಗತ್ತಿನ ಹಸಿವನ್ನು ನೀಗಲು ಬೀಜ ಕೂಡಿಟ್ಟವನಿಗೂ ಅನ್ನಪಾನನಿರೋಧವೇ ಕೊನೆಯಾಯಿತು.

ಉಪವಾಸದ ಮಹತ್ತ್ವವನ್ನು ಬಲ್ಲ ಸಮಾಜಕ್ಕೆ ಈ ಪ್ರಸಂಗ ಒಂದು ಭೇದವನ್ನು ಸ್ಪಷ್ಟಪಡಿಸುತ್ತದೆ. ಪರ್ಯೂಷಣದಲ್ಲಿ ಅನ್ನ ಬಿಡುವ ಶ್ರಾವಕನ ಹೊಟ್ಟೆಗೂ ಲೆನಿನ್‌ಗ್ರಾಡಿನ ಮಗುವಿನ ಹೊಟ್ಟೆಗೂ ಹಸಿವು ಹಸಿವೇ. ಆದರೆ ಉಪವಾಸ ಮಾಡುವುದು ತಪಸ್ಸು, ಉಪವಾಸ ಕೆಡಹುವುದು ಹಿಂಸೆ. ಮೊದಲನೆಯದರಲ್ಲಿ ಕರ್ಮದ ನಿರ್ಜರೆ, ಎರಡನೆಯದರಲ್ಲಿ ಕರ್ಮದ ಬಂಧ. ಆ ವಿಜ್ಞಾನಿಗಳ ಮೇಲೆ ಹೊರಗಿನವರು ಹೊರಿಸಿದುದು ಹಿಂಸೆ. ಕೈಗೆಟುಕುವಲ್ಲಿದ್ದ ಕಾಳನ್ನು ಮುಂದಿನ ತಲೆಮಾರಿನದೆಂದು ಬಗೆದು ಮುಟ್ಟದೆ ಉಳಿದುದು ಅವರದೇ ಸಂಯಮ. ಒಂದೇ ಕೋಣೆಯಲ್ಲಿ ಎರಡೂ ಇದ್ದವು. ಸಂಯಮ ದೊಡ್ಡದೆಂದು ಹಿಂಸೆಯನ್ನು ಮರೆಯಲಾಗದು.

ಕಾನೂನು ನಡೆದ ದಾರಿ

ಈ ಮುತ್ತಿಗೆಯ ಬಗ್ಗೆ ನ್ಯಾಯಸ್ಥಾನ ಏನು ಹೇಳಿತು? ಲೆನಿನ್‌ಗ್ರಾಡನ್ನು ಮುತ್ತಿದ ಸೈನ್ಯಗಳ ಅಧಿಪತಿ ಫೀಲ್ಡ್ ಮಾರ್ಷಲ್ ಫಾನ್ ಲೇಬ್‌ನನ್ನು ನ್ಯೂರೆಂಬರ್ಗಿನ ಅಮೆರಿಕನ್ ನ್ಯಾಯಮಂಡಳಿ ವಿಚಾರಿಸಿ 1948ರಲ್ಲಿ ತೀರ್ಪಿತ್ತಿತು. ನಗರದಿಂದ ಹೊರಬರಲೆತ್ನಿಸುವ ನಾಗರಿಕರನ್ನು ದೂರದಿಂದಲೇ ಗುಂಡಿನಿಂದ ಹಿಮ್ಮೆಟ್ಟಿಸಬೇಕೆಂಬ ಆಜ್ಞೆ ಅವನ ಮೇಲಿನ ಆರೋಪಗಳಲ್ಲೊಂದಾಗಿತ್ತು. ಆ ಕಾಲದ ಯುದ್ಧನಿಯಮದಲ್ಲಿ ಇದು ಅಪರಾಧವಲ್ಲವೆಂದು ನ್ಯಾಯಮಂಡಳಿ ನಿರ್ಣಯಿಸಿತು. ನಿಯಮ ಬೇರೆಯಾಗಿದ್ದರೆ ಚೆನ್ನಾಗಿತ್ತೆಂದು ನ್ಯಾಯಾಧೀಶರು ವಿಷಾದ ಸೂಚಿಸಿದರೂ ನಿಯಮವನ್ನು ಮೀರಲಿಲ್ಲ. ಬೇರೊಂದು ಆರೋಪದ ಮೇಲೆ ಅವನಿಗೆ ಮೂರು ವರ್ಷಗಳ ಶಿಕ್ಷೆಯಾಯಿತು. 1863ರಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ರಚಿತವಾದ ಲೀಬರ್ ಸಂಹಿತೆಯೂ ಸಶಸ್ತ್ರ ನಿಶ್ಶಸ್ತ್ರ ಭೇದವಿಲ್ಲದೆ ಶತ್ರುವನ್ನು ಹಸಿವಿಗೀಡುಮಾಡುವುದನ್ನು ಒಪ್ಪಿತ್ತು. ಕೋಟೆಯಿಂದ ಹೊರಗಟ್ಟಲ್ಪಟ್ಟವರನ್ನು ಮರಳಿ ಒಳಗಟ್ಟುವುದನ್ನೂ ಕಠೋರ ಕ್ರಮವೆಂದು ಹೇಳುತ್ತಲೇ ಸಮ್ಮತಿಸಿತ್ತು. ಅಲೇಸಿಯಾದ ಬಯಲು ಎರಡು ಸಾವಿರ ವರ್ಷಗಳವರೆಗೆ ಕಾನೂನುಬದ್ಧವಾಗಿಯೇ ಉಳಿದಿತ್ತು.

ಅದು ಬದಲಾದುದು 1977ರ ಜೂನ್ 8ರಂದು. ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲ ಹೆಚ್ಚುವರಿ ಒಪ್ಪಂದದ 54ನೆಯ ವಿಧಿಯು ನಾಗರಿಕರನ್ನು ಹಸಿವಿನಿಂದ ಸಾಯಿಸುವುದನ್ನು ಯುದ್ಧವಿಧಾನವಾಗಿ ಬಳಸಕೂಡದೆಂದು ನಿಷೇಧಿಸಿತು. ಆಹಾರ, ಪೈರು, ಜಾನುವಾರು, ಕುಡಿಯುವ ನೀರು, ನೀರಾವರಿ ಇವುಗಳಿಗೆ ರಕ್ಷಣೆ ದೊರೆಯಿತು. 1998ರ ರೋಮ್ ಶಾಸನವು ಇದನ್ನು ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ವಿಚಾರಿಸಬಹುದಾದ ಯುದ್ಧಾಪರಾಧವೆಂದು ಸಾರಿತು. 2018ರ ಮೇ 24ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2417ನೆಯ ನಿರ್ಣಯದ ಮೂಲಕ ಇದನ್ನು ಒಮ್ಮತದಿಂದ ಖಂಡಿಸಿತು.

ನಿಯಮ ಬಂದ ಮೇಲೆ ಮುತ್ತಿಗೆ ನಿಂತಿತೇ ಎಂದರೆ ಇಲ್ಲವೆಂದೇ ಹೇಳಬೇಕು. ಬೋಸ್ನಿಯಾದ ಸರಯೇವೋ ನಗರದ ಮುತ್ತಿಗೆ 1992ರ ಏಪ್ರಿಲಿನಿಂದ 1996ರ ಫೆಬ್ರವರಿಯವರೆಗೆ, ಲೆನಿನ್‌ಗ್ರಾಡಿಗಿಂತಲೂ ದೀರ್ಘವಾಗಿ ನಡೆಯಿತು. 1992ರ ಮೇ 27ರಂದು ರೊಟ್ಟಿಗಾಗಿ ಸಾಲುನಿಂತವರ ಮೇಲೆಯೇ ಗುಂಡುಗಳು ಬಿದ್ದವು. 1993ರಲ್ಲಿ ವಿಮಾನನಿಲ್ದಾಣದ ಅಡಿಯಲ್ಲಿ ಸುಮಾರು 800 ಮೀಟರ್ ಉದ್ದದ ಸುರಂಗ ತೋಡಿ ನಗರದವರು ಕಾಳುಕಡ್ಡಿ ಸಾಗಿಸಿಕೊಂಡರು. ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ಸೀಸರನು ತಾನು ಮಾಡಿದುದನ್ನು ಹೆಮ್ಮೆಯ ಗ್ರಂಥದಲ್ಲಿ ಬರೆದುಕೊಂಡನು. ಫಾನ್ ಲೇಬ್ ಆ ಆರೋಪದಿಂದ ಪಾರಾದನು. ಸರಯೇವೋವನ್ನು ಮುತ್ತಿದ ಸೇನಾಪತಿ ಗಾಲಿಚ್‌ಗೆ ನಾಗರಿಕರ ಮೇಲೆ ನಡೆಸಿದ ಗುಂಡಿನ ದಾಳಿ ಮತ್ತು ಭೀತಿಗಾಗಿ 2006ರಲ್ಲಿ ಜೀವಾವಧಿ ಶಿಕ್ಷೆ ಖಚಿತವಾಯಿತು. ಅಪರಾಧಕ್ಕೆ ಅಪರಾಧವೆಂಬ ಹೆಸರು ಬಂದುದು ಸಣ್ಣ ಸಂಗತಿಯಲ್ಲ. ಅತಿಚಾರವನ್ನು ಅತಿಚಾರವೆಂದು ಗುರುತಿಸುವುದೇ ಪ್ರತಿಕ್ರಮಣದ ಮೊದಲ ಮೆಟ್ಟಿಲು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಮುತ್ತಿಗೆಯು ಇದಕ್ಕೆ ನೇರ ವಿರುದ್ಧವಾದುದು. ಅನ್ನ ನಿಲ್ಲುತ್ತದೆ, ಮದ್ದು ನಿಲ್ಲುತ್ತದೆ, ಪಾಠಶಾಲೆ ಮುಚ್ಚುತ್ತದೆ, ಅಭಯವಂತೂ ಉಳಿಯುವುದೇ ಇಲ್ಲ. ಹಾಗಾದರೆ ಬಸದಿಯ ಅನ್ನಛತ್ರದಲ್ಲಿ ಯಾತ್ರಿಕನಿಗೆ ಬಡಿಸುವ ಒಂದು ಊಟ, ಬರಗಾಲದಲ್ಲಿ ತೆರೆದ ಒಂದು ಗೋಶಾಲೆ, ಮನೆಯ ಆಳಿಗೆ ಹೊತ್ತಿಗೆ ಸರಿಯಾಗಿ ಇಕ್ಕಿದ ಅನ್ನ, ಇವೆಲ್ಲ ಇತಿಹಾಸದ ಆ ದೊಡ್ಡ ದೋಷಕ್ಕೆ ಎದುರಾಗಿ ನಿಲ್ಲುವ ಕೆಲಸಗಳೇ ಆಗುತ್ತವೆ. ಯುದ್ಧವನ್ನು ನಿಲ್ಲಿಸುವ ಶಕ್ತಿ ಗೃಹಸ್ಥನಿಗಿಲ್ಲದಿರಬಹುದು. ಆದರೆ ಪಟ್ಟಣವನ್ನು ಉಪವಾಸ ಕೆಡಹುವ ಮನಸ್ಸು ಒಮ್ಮೆಗೇ ಹುಟ್ಟುವುದಿಲ್ಲ. ಪರರ ಹಸಿವನ್ನು ಕಂಡೂ ಕಾಣದಂತಿರುವ ಅಭ್ಯಾಸದಿಂದ ಅದು ಬೆಳೆಯುತ್ತದೆ. ಸೂತ್ರಕಾರರು ಎಚ್ಚರಿಕೆಯನ್ನು ಅರಮನೆಯ ಬಾಗಿಲಲ್ಲಿ ಇಡದೆ ಗೃಹಸ್ಥನ ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟುದರ ಅರ್ಥ ಇದೇ ಇರಬೇಕು.